ಯಾರ್ಕಿನ ಸಾಲಪತ್ರಗಳು

ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್ ನಗರದಲ್ಲಿ ಕಡಿದಾದ ಹುಲ್ಲುದಿಬ್ಬವೊಂದರ ನೆತ್ತಿಯ ಮೇಲೆ ಕ್ಲಿಫರ್ಡ್ಸ್ ಟವರ್ ಎಂಬ ಕಲ್ಲಿನ ಕೋಟೆಗೋಪುರ ನಿಂತಿದೆ. ದಿಬ್ಬದ ಬುಡದಲ್ಲಿ 1978ರಲ್ಲಿ ಇಟ್ಟ ಫಲಕವೊಂದು, 1190ರ ಮಾರ್ಚ್ 16ರ ಶುಕ್ರವಾರ ರಾತ್ರಿ ಈ ಜಾಗದಲ್ಲಿ ಸುಮಾರು 150 ಯಹೂದಿಗಳು ತಮ್ಮ ಧರ್ಮ ಬಿಡಲೊಪ್ಪದೆ ಒಬ್ಬರ ಕೈಯಲ್ಲಿ ಒಬ್ಬರು ಪ್ರಾಣ ಬಿಟ್ಟರೆಂದು ತಿಳಿಸುತ್ತದೆ. ಯಾರ್ಕಿನ ಯಹೂದಿಗಳ ಬಗ್ಗೆ ಹೊರಜಗತ್ತಿಗೆ ಗೊತ್ತಿರುವುದು ಹೆಚ್ಚುಕಡಿಮೆ ಇಷ್ಟೇ. ಆ ರಾತ್ರಿಗೆ ಅವರ ಕಥೆ ಮುಗಿಯಿತು, ಅಲ್ಲಿಂದಾಚೆಗೆ ಯಹೂದಿ ಧರ್ಮಗುರುಗಳು ಈ ಊರಿಗೆ ಬಹಿಷ್ಕಾರ ಹಾಕಿದರು, ಯಾವ ಯಹೂದಿಯೂ ಇಲ್ಲಿ ರಾತ್ರಿ ತಂಗಬಾರದು ಎಂಬ ನಂಬಿಕೆಯೂ ಬಹುಕಾಲ ಚಾಲ್ತಿಯಲ್ಲಿತ್ತು. ದಾಖಲೆಗಳು ಹೇಳುವುದೇ ಬೇರೆ. ಕೊಲೆಯಾಗಿ ಹೆಚ್ಚು ವರ್ಷ ಕಳೆಯುವ ಮೊದಲೇ ಯಹೂದಿಗಳು ಯಾರ್ಕಿಗೆ ಮರಳಿದರು. ಹದಿಮೂರನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನ ಅತಿ ಸಿರಿವಂತ ಯಹೂದಿ ಸಮುದಾಯಗಳಲ್ಲಿ ಒಂದಾದರು. ಅವರನ್ನು ಕೊನೆಗೆ ಊರು ಬಿಡಿಸಿದ್ದು 1290ರ ರಾಜಾಜ್ಞೆ. ಅದಕ್ಕೆ ಕತ್ತಿ ಬೇಕಾಗಲಿಲ್ಲ, ಬೆಂಕಿ ಬೇಕಾಗಲಿಲ್ಲ. ನನ್ನ ವಾದವಿಷ್ಟು: ಈ ಎರಡೂ ಅಂತ್ಯಗಳ ನಡುಮಧ್ಯದಲ್ಲಿ ಇದ್ದದ್ದು ಒಂದೇ ವಸ್ತು, ಸಾಲಪತ್ರ. 1190ರ ಕೊಲೆಯಿಂದ ಇಂಗ್ಲೆಂಡಿನ ಆಡಳಿತ ಪಾಠ ಕಲಿಯದೆ ಇರಲಿಲ್ಲ. ಆದರೆ ಅದು ಕಲಿತದ್ದು ಪತ್ರಗಳನ್ನು ಹೇಗೆ ಕಾಪಾಡಬೇಕು ಎಂಬುದನ್ನು, ಜನರನ್ನು ಹೇಗೆ ಕಾಪಾಡಬೇಕು ಎಂಬುದನ್ನಲ್ಲ.

ಯಹೂದಿಗಳು ಇಂಗ್ಲೆಂಡಿಗೆ ಬಂದದ್ದು 1066ರ ನಂತರ. ದೇಶ ಗೆದ್ದ ನಾರ್ಮಂಡಿಯ ವಿಲಿಯಂನ ಹಿಂದೆಯೇ ಫ್ರಾನ್ಸಿನ ರುವಾನ್ ಪಟ್ಟಣದಿಂದ ಕೆಲವು ಕುಟುಂಬಗಳು ಬಂದು ಲಂಡನ್ನಿನಲ್ಲಿ ನೆಲೆ ನಿಂತವು. ಮುಂದಿನ ನೂರು ವರ್ಷಗಳಲ್ಲಿ ಅವರು ನಾರ್ವಿಚ್, ಲಿಂಕನ್ ಮುಂತಾದ ಪೇಟೆಗಳಿಗೆ ಹರಡಿಕೊಂಡರು. ಯಾರ್ಕಿಗೆ ಬಂದದ್ದು ತಡವಾಗಿ, 1170ರ ದಶಕದ ಹೊತ್ತಿಗೆ. ಕ್ರೈಸ್ತ ಪ್ರಮಾಣವಚನದ ಮೇಲೆ ನಿಂತಿದ್ದ ಜಮೀನು ವ್ಯವಸ್ಥೆಯಲ್ಲಿ ಅವರಿಗೆ ಜಾಗವಿರಲಿಲ್ಲ, ಕಸುಬುಗಳ ಸಂಘಗಳಿಗೂ ಪ್ರವೇಶವಿರಲಿಲ್ಲ. ಬಡ್ಡಿ ವ್ಯವಹಾರವನ್ನು ಚರ್ಚು ಕ್ರೈಸ್ತರಿಗೆ ಪಾಪವೆಂದು ಸಾರಿತ್ತು. ಆದರೆ ಸಾಲದ ಅಗತ್ಯ ಎಲ್ಲರಿಗೂ ಇತ್ತು: ಮಗಳ ಮದುವೆ ಮಾಡಬೇಕಾದ ನೈಟನಿಗೆ, ದಂಡಯಾತ್ರೆಗೆ ಹೊರಟ ಸರದಾರನಿಗೆ, ಕಲ್ಲಿನ ಮಠ ಕಟ್ಟಿಸಲು ಹೊರಟ ಮಠಾಧೀಶನಿಗೆ. ಪೌಂಡಿಗೆ ವಾರಕ್ಕೆ ಒಂದರಿಂದ ಎರಡು ಪೆನ್ನಿ ಬಡ್ಡಿ ಎಂಬುದು ವಾಡಿಕೆಯ ದರ. ಆಗ ಪೌಂಡಿಗೆ 240 ಪೆನ್ನಿ, ಅಂದರೆ ವರ್ಷಕ್ಕೆ ಸುಮಾರು 22ರಿಂದ 43 ಶೇಕಡಾ. ಕಣ್ಣಿಗೆ ಹೊಡೆಯುವ ದರವೇ ಹೌದು. ಆದರೆ ಆ ಬಡ್ಡಿಯೆಲ್ಲ ಸಾಲ ಕೊಟ್ಟವನ ಪೆಟ್ಟಿಗೆಯಲ್ಲಿ ಉಳಿಯುತ್ತಿರಲಿಲ್ಲ ಎಂಬುದನ್ನು ಜೊತೆಗೇ ಹೇಳಬೇಕು. ಕಾನೂನಿನ ಕಣ್ಣಲ್ಲಿ ಯಹೂದಿಯೂ ಅವನಿಗಿರುವುದೆಲ್ಲವೂ ರಾಜನ ಸೊತ್ತು. ರಾಜ ತನಗೆ ಬೇಕೆನಿಸಿದಾಗ, ಯಾವ ಸಭೆಯ ಒಪ್ಪಿಗೆಯೂ ಇಲ್ಲದೆ, ಎಷ್ಟು ಬೇಕಾದರೂ ತೆರಿಗೆ ಹೇರಬಹುದಿತ್ತು. ಸಾಲಗಾರ ಕೊಟ್ಟ ಬಡ್ಡಿ ಯಹೂದಿಯ ಕೈದಾಟಿ ಖಜಾನೆ ಸೇರುತ್ತಿತ್ತು. ವಸೂಲಿಯ ಕೆಟ್ಟ ಹೆಸರು ಮಾತ್ರ ಯಹೂದಿಯ ಮನೆಬಾಗಿಲಲ್ಲೇ ಉಳಿಯುತ್ತಿತ್ತು.

ಈ ವ್ಯವಸ್ಥೆ ಹೇಗೆ ನಡೆಯುತ್ತಿತ್ತೆಂದು ತಿಳಿಯಲು ಲಿಂಕನ್ನಿನ ಆರನ್ ಸತ್ತ ಮೇಲೆ ಏನಾಯಿತೆಂದು ನೋಡಬೇಕು. ಆರನ್ ಆ ಕಾಲದ ಇಂಗ್ಲೆಂಡಿನ ಅತಿ ದೊಡ್ಡ ಸಾಹುಕಾರರಲ್ಲಿ ಒಬ್ಬ. ಸಿಸ್ಟರ್ಷಿಯನ್ ಪಂಥದ ಹಲವು ಮಠಗಳು ಅವನ ಸಾಲದಲ್ಲಿದ್ದವು, ಯಾರ್ಕ್‌ಷೈರಿನ ಪ್ರಸಿದ್ಧ ರಿವೋ ಮಠವೂ ಅವುಗಳಲ್ಲಿ ಒಂದು. 1186ರಲ್ಲಿ ಅವನು ತೀರಿಕೊಂಡಾಗ ಎರಡನೆಯ ಹೆನ್ರಿ ಅವನ ಆಸ್ತಿಯನ್ನೆಲ್ಲ ವಶಪಡಿಸಿಕೊಂಡ. ನಗನಾಣ್ಯವನ್ನು ಫ್ರಾನ್ಸಿಗೆ ಸಾಗಿಸುವಾಗ ಹಡಗು ಮುಳುಗಿತು. ಆದರೆ ಪತ್ರಗಳು ಉಳಿದವು: ಸುಮಾರು 430 ಸಾಲಗಾರರು, ಒಟ್ಟು ಬಾಕಿ ಸುಮಾರು 15,000 ಪೌಂಡು. ಅದನ್ನು ವಸೂಲು ಮಾಡುವುದಕ್ಕೆಂದೇ ರಾಜನ ಖಜಾನೆಯಲ್ಲಿ ಆರನ್ನನ ಹೆಸರಿನ ಒಂದು ಪ್ರತ್ಯೇಕ ವಿಭಾಗ ತೆರೆಯಬೇಕಾಯಿತು. ಯಹೂದಿ ಸಾಹುಕಾರನಾದರೆ ಗಡುವು ಮುಂದೂಡಿಯಾನು, ಅರ್ಧಕ್ಕೆ ರಾಜಿಯಾಗಿಯಾನು. ಖಜಾನೆಯ ಗುಮಾಸ್ತೆಗೆ ಅಂಥ ದಾಕ್ಷಿಣ್ಯ ಏನೂ ಇಲ್ಲ. ನೂರಾರು ಸರದಾರರಿಗೆ ತಾವು ಸಹಿ ಮಾಡಿದ ಪತ್ರ ಒಂದು ದಿನ ರಾಜನ ಕೈ ಸೇರುತ್ತದೆಂಬುದು ಆಗ ಚೆನ್ನಾಗಿ ಮನದಟ್ಟಾಯಿತು. ಈ ಆರನ್ನನ ವ್ಯವಹಾರದ ಒಂದು ತುಂಡು ಚರ್ಮಪತ್ರ ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. 1182ರದು. ಅವನ ಪರವಾಗಿ ಹಣ ಪಡೆದ ಪ್ಯಾರಿಸ್ಸಿನ ಸಾಲಮನ್ ಎಂಬವನು ಹೀಬ್ರೂ ಅಕ್ಷರಗಳಲ್ಲಿ ರಸೀದಿ ಬರೆದುಕೊಟ್ಟಿದ್ದಾನೆ: ದೊಡ್ಡ ಸಾಲವೊಂದರ ಬಾಬ್ತು 4 ಪೌಂಡು ಸಂದಾಯವಾಗಿದೆ. ಹಣ ಕಟ್ಟಿದವನ ಹೆಸರು ರಿಚರ್ಡ್ ಮಾಲೆಬಿಸ್, ಯಾರ್ಕ್‌ಷೈರಿನ ಜಮೀನುದಾರ. ಎಂಟು ವರ್ಷಗಳ ನಂತರ ಯಾರ್ಕ್ ಕೋಟೆಯ ಮುತ್ತಿಗೆಗೆ ಮುಂದಾಳಾಗಿ ನಿಂತವನು ಇದೇ ಮಾಲೆಬಿಸ್.

ಯಾರ್ಕಿನಲ್ಲಿ ಯಹೂದಿಗಳಿಗೆಂದು ಬೇಲಿ ಹಾಕಿದ ಕೇರಿ ಇರಲಿಲ್ಲ. ಊಸ್ ನದಿಗೆ ಸಮಾನಾಂತರವಾಗಿ ಸಾಗುವ ಕೋನಿ ಸ್ಟ್ರೀಟ್ ಆಗಲೂ ಈಗಲೂ ಊರಿನ ಮುಖ್ಯ ವ್ಯಾಪಾರಬೀದಿ. ಅಲ್ಲಿ ಮತ್ತು ಅದರ ಆಸುಪಾಸಿನಲ್ಲಿ ಅವರು ಕ್ರೈಸ್ತ ನೆರೆಹೊರೆಯವರ ಮನೆಗಳ ನಡುವೆಯೇ ಬಾಳುತ್ತಿದ್ದರು. ಜೋಸ್ ಮತ್ತು ಬೆನೆಡಿಕ್ಟ್ ಎಂಬಿಬ್ಬರು ಅವರಲ್ಲಿ ಮುಖ್ಯರು. ಇವರ ಮನೆಗಳು ಅರಮನೆಯಂತಿದ್ದವೆಂದು ಹತ್ತಿರದ ನ್ಯೂಬರ್ಗ್ ಮಠದ ಚರಿತ್ರೆಕಾರ ವಿಲಿಯಂ ಅಸಹನೆಯಿಂದಲೇ ಬರೆದಿದ್ದಾನೆ. ಹಣವೊಂದೇ ಅಲ್ಲಿದ್ದದ್ದಲ್ಲ. ಫ್ರಾನ್ಸಿನ ಮಹಾಪಂಡಿತ ರಬ್ಬಿ ಯಾಕೋಬ್ ತಾಮನ ಶಿಷ್ಯ, ಜ್ವಾನಿಯ ರಬ್ಬಿ ಯೋಮ್ ತೋವ್ ಇಲ್ಲಿ ಬಂದು ನೆಲೆಸಿದ್ದ. ಯೋಮ್ ಕಿಪ್ಪುರ್ ಹಬ್ಬದ ಹಿಂದಿನ ಸಂಜೆ ಕ್ಷಮೆ ಬೇಡಿ ಹಾಡುವ ಅವನ ಪ್ರಾರ್ಥನಾಗೀತೆಯನ್ನು ಅಶ್ಕೆನಾಜಿ ಯಹೂದಿಗಳು ಇಂದಿಗೂ ಹಾಡುತ್ತಾರೆ. ಯೂರೋಪಿನ ದೊಡ್ಡ ವಿದ್ಯಾಕೇಂದ್ರಗಳೊಡನೆ ನಂಟಿದ್ದ ಊರು ಇದು ಎಂಬುದನ್ನು ಮರೆತರೆ ಕಳೆದುಹೋದದ್ದು ಏನೆಂಬುದು ಅರ್ಧವಷ್ಟೇ ಗೊತ್ತಾಗುತ್ತದೆ.

1189ರ ಸೆಪ್ಟೆಂಬರ್ 3ರಂದು ವೆಸ್ಟ್‌ಮಿನ್‌ಸ್ಟರಿನಲ್ಲಿ ಒಂದನೆಯ ರಿಚರ್ಡನ ಪಟ್ಟಾಭಿಷೇಕ ನಡೆಯಿತು. ಕಾಣಿಕೆ ಹೊತ್ತು ಬಂದ ಯಹೂದಿ ಮುಖಂಡರನ್ನು ಬಾಗಿಲಲ್ಲಿ ಹೊಡೆದಟ್ಟಿದರು. ರಾಜನೇ ಯಹೂದಿಗಳನ್ನು ಕೊಲ್ಲಲು ಅಪ್ಪಣೆ ಕೊಟ್ಟಿದ್ದಾನೆಂಬ ಸುದ್ದಿ ಹಬ್ಬಿ ಲಂಡನ್ನಿನಲ್ಲಿ ಮನೆಗಳು ಉರಿದವು. ಯಾರ್ಕಿನಿಂದ ಹೋಗಿದ್ದ ಬೆನೆಡಿಕ್ಟನಿಗೆ ತೀವ್ರ ಗಾಯಗಳಾದವು. ಜೀವಭಯದಲ್ಲಿ ಅವನು ಜ್ಞಾನಸ್ನಾನಕ್ಕೆ ಒಪ್ಪಿದ. ಮರುದಿನ ರಾಜನೆದುರು ತಾನು ಯಹೂದಿಯೇ ಎಂದ. ಊರಿಗೆ ಹಿಂದಿರುಗುವ ದಾರಿಯಲ್ಲಿ ನಾರ್ಥಾಂಪ್ಟನ್ನಿನಲ್ಲಿ ಸತ್ತ. ಗಲಭೆ ಮಾಡಿದವರಲ್ಲಿ ಶಿಕ್ಷೆಯಾದದ್ದು ಬೆರಳೆಣಿಕೆಯ ಮಂದಿಗೆ. ಡಿಸೆಂಬರಿನಲ್ಲಿ ರಿಚರ್ಡ್ ಧರ್ಮಯುದ್ಧದ ಸಿದ್ಧತೆಗೆ ಸಮುದ್ರ ದಾಟಿದ. ರಾಜ ದೇಶದಲ್ಲಿಲ್ಲ, ಶಿಲುಬೆಯ ಗುರುತು ಹೊಲಿಸಿಕೊಂಡ ತರುಣರಿಗೆ ಪ್ರಯಾಣದ ಖರ್ಚಿಗೆ ಹಣವಿಲ್ಲ. 1190ರ ಮೊದಲ ತಿಂಗಳುಗಳಲ್ಲಿ ಲಿನ್, ನಾರ್ವಿಚ್, ಸ್ಟ್ಯಾಮ್‌ಫರ್ಡ್ ಒಂದಾದ ಮೇಲೊಂದು ಹೊತ್ತಿಕೊಂಡವು.

ಯಾರ್ಕಿನಲ್ಲಿ ಮೊದಲು ದಾಳಿಯಾದದ್ದು ಸತ್ತ ಬೆನೆಡಿಕ್ಟನ ಮನೆಯ ಮೇಲೆ. ಅವನ ವಿಧವೆಯನ್ನೂ ಮಕ್ಕಳನ್ನೂ ಕೊಂದು, ಸೊತ್ತು ದೋಚಿ, ಮನೆಗೆ ಬೆಂಕಿಯಿಟ್ಟರು. ಜೋಸ್ ಉಳಿದ ಕುಟುಂಬಗಳನ್ನು ಕರೆದುಕೊಂಡು ರಾಜನ ಕೋಟೆ ಸೇರಿದ. ರಾಜನ ಸೊತ್ತು ರಾಜನ ಕೋಟೆಯಲ್ಲಿ ರಕ್ಷಣೆ ಪಡೆಯುವುದು ಸಹಜವೇ. ಕೋಟೆಯ ಅಧಿಕಾರಿ ಯಾವುದೋ ಕೆಲಸಕ್ಕೆಂದು ಹೊರಗೆ ಹೋದಾಗ, ಅವನು ತಮ್ಮನ್ನು ಹಿಡಿದುಕೊಡಲು ಮಾತಾಡಿಕೊಳ್ಳುತ್ತಿದ್ದಾನೆಂಬ ಭಯ ಒಳಗಿನವರನ್ನು ಹಿಡಿಯಿತು. ಅವನು ಹಿಂದಿರುಗಿದಾಗ ಬಾಗಿಲು ತೆರೆಯಲಿಲ್ಲ. ಅವನು ಶೆರಿಫ್ ಜಾನ್ ಮಾರ್ಷಲನಿಗೆ ದೂರು ಒಯ್ದ. ರಾಜನ ಕೋಟೆಯನ್ನು ಯಹೂದಿಗಳು ಆಕ್ರಮಿಸಿದ್ದಾರೆಂದು ಶೆರಿಫ್ ಜಿಲ್ಲೆಯ ಸೈನ್ಯಕ್ಕೆ ಕರೆಕೊಟ್ಟ. ಈ ಒಂದು ಆಜ್ಞೆಯಿಂದ ಪುಂಡರ ಗುಂಪು ಸರ್ಕಾರಿ ದಂಡಾಯಿತು. ಆಮೇಲೆ ಶೆರಿಫ್ ಹೆದರಿ ಹಿಂದೆಗೆದರೂ ಯಾರೂ ಅವನ ಮಾತು ಕೇಳಲಿಲ್ಲ. ಬಿಳಿಯ ನಿಲುವಂಗಿಯ ಸನ್ಯಾಸಿಯೊಬ್ಬ ಗೋಡೆಯ ಬುಡದಲ್ಲಿ ನಿಂತು ಜನರನ್ನು ಕೆರಳಿಸುತ್ತಿದ್ದ. ಮೇಲಿನಿಂದ ಬಿದ್ದ ಕಲ್ಲಿಗೆ ಅವನು ಬಲಿಯಾದ ಮೇಲೆ ತಡೆಯುವವರೇ ಇಲ್ಲವಾದರು. ಕೋಟೆ ಒಡೆಯುವ ಯಂತ್ರಗಳು ಬಂದು ನಿಂತ ದಿನ ಪಾಸೋವರ್ ಹಬ್ಬಕ್ಕೆ ಮುಂಚಿನ ದೊಡ್ಡ ಸಬ್ಬತ್ತಿನ ಸಂಜೆ. ರಬ್ಬಿ ಯೋಮ್ ತೋವ್ ಹೇಳಿದ ದಾರಿಯನ್ನು ಹೆಚ್ಚಿನವರು ಒಪ್ಪಿದರು. ಜೋಸ್ ತನ್ನ ಹೆಂಡತಿ ಅನ್ನಾಳನ್ನೂ ಮಕ್ಕಳನ್ನೂ ಕೈಯಾರೆ ಕೊಂದ. ಒಳಗೆ ಹಚ್ಚಿದ ಬೆಂಕಿ ಮರದ ಗೋಪುರವನ್ನು ಹಿಡಿಯಿತು. ಬೆಳಗಾದಾಗ ಉಳಿದಿದ್ದ ಕೆಲವರು ಗೋಡೆಯ ಮೇಲೆ ಬಂದು ನಡೆದದ್ದನ್ನು ಹೇಳಿ, ಕ್ರೈಸ್ತರಾಗುತ್ತೇವೆ, ಜೀವ ಉಳಿಸಿ ಎಂದು ಬೇಡಿದರು. ಮಾತು ಕೊಟ್ಟರು. ಹೊರಗೆ ಬಂದವರನ್ನು ಬಾಗಿಲಲ್ಲೇ ಕಡಿದು ಹಾಕಿದರು.

ಆಮೇಲೆ ನಡೆದದ್ದೇ ನನ್ನ ವಾದದ ತಿರುಳು. ಗುಂಪು ಕೋಟೆಯಿಂದ ನೇರವಾಗಿ ಹೋದದ್ದು ಯಾರ್ಕ್ ಮಿನ್‌ಸ್ಟರ್ ಎಂಬ ಮಹಾದೇವಾಲಯಕ್ಕೆ. ಯಹೂದಿಗಳು ತಮ್ಮ ಸಾಲಪತ್ರಗಳನ್ನು ಭದ್ರತೆಗೆಂದು ಅಲ್ಲಿ ಇರಿಸಿದ್ದರು. ಊರಿನಲ್ಲಿ ಅದಕ್ಕಿಂತ ಗಟ್ಟಿ ಗೋಡೆ, ಅದಕ್ಕಿಂತ ನಂಬಿಕೆಯ ಕಾವಲು ಬೇರೆಲ್ಲಿ ಸಿಕ್ಕೀತು? ಗುಂಪಿನವರು ಕಾವಲಿನವರನ್ನು ಬೆದರಿಸಿ ಪತ್ರಗಳನ್ನು ಕಿತ್ತುಕೊಂಡು, ದೇವಾಲಯದೊಳಗೇ ರಾಶಿ ಹಾಕಿ ಸುಟ್ಟರು. ಆ ಕೆಲಸ ಮುಗಿದ ಮೇಲೆ ಶಿಲುಬೆ ತೊಟ್ಟವರು ಜೆರುಸಲೆಮ್ ದಾರಿ ಹಿಡಿದರು, ಉಳಿದವರು ಮನೆಗೆ ಹೋದರು. ಮಾಲೆಬಿಸ್, ವಿಲಿಯಂ ಪರ್ಸಿ, ಮಾರ್ಮಡ್ಯೂಕ್ ಡಾರೆಲ್, ಫಿಲಿಪ್ ಡಿ ಫಾಕನ್‌ಬರ್ಗ್ ಎಂದು ಮುಂದಾಳುಗಳ ಹೆಸರುಗಳು ದಾಖಲಾಗಿವೆ. ಇವರಾರೂ ಬೀದಿಯ ಪೋಕರಿಗಳಲ್ಲ, ಊರೂರುಗಳ ಒಡೆಯರು.

ಇಲ್ಲಿ ಒಂದು ಆಕ್ಷೇಪ ಎದುರಾಗುತ್ತದೆ, ಅದು ಹಗುರವಾದದ್ದೇನೂ ಅಲ್ಲ. ಇದೆಲ್ಲವನ್ನೂ ಸಾಲದ ಲೆಕ್ಕಕ್ಕೆ ಇಳಿಸುವುದು ಸರಿಯೇ? ಧರ್ಮಯುದ್ಧದ ಜ್ವರ ಇಡೀ ದೇಶವನ್ನು ಹಿಡಿದಿತ್ತು. 1144ರಲ್ಲಿ ನಾರ್ವಿಚ್‌ನಲ್ಲಿ ಸತ್ತ ಹುಡುಗನೊಬ್ಬನನ್ನು ಯಹೂದಿಗಳೇ ಬಲಿಕೊಟ್ಟರೆಂಬ ಸುಳ್ಳು ಅಲ್ಲಿಂದ ಹಬ್ಬಿ ಹಲವು ಊರುಗಳಲ್ಲಿ ಬೇರು ಬಿಟ್ಟಿತ್ತು. ಕ್ರಿಸ್ತನ ಮರಣವನ್ನು ನೆನೆಯುವ ಉಪವಾಸದ ದಿನಗಳಲ್ಲೇ ಯಾರ್ಕಿನ ದಾಳಿಯಾಯಿತು. ಈ ದ್ವೇಷ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ಪಕ್ಕದ ಮನೆಯವನ ಮಕ್ಕಳನ್ನು ಕೊಲ್ಲಲು ಊರು ಒಟ್ಟುಗೂಡುತ್ತಿರಲಿಲ್ಲ. ಆದರೆ ದ್ವೇಷ ಎಲ್ಲ ಊರುಗಳಲ್ಲೂ ಇತ್ತು, ಫಲ ಮಾತ್ರ ಒಂದೇ ಆಗಿರಲಿಲ್ಲ. ಲಿಂಕನ್ನಿನ ಯಹೂದಿಗಳು ಅದೇ ವಸಂತದಲ್ಲಿ ಅಲ್ಲಿನ ಕೋಟೆ ಸೇರಿ ಬದುಕಿಕೊಂಡರು, ಅಲ್ಲಿ ಅಧಿಕಾರಿಗಳು ಕೈಬಿಡಲಿಲ್ಲ. ಯಾರ್ಕಿನಲ್ಲಿ ಸ್ಥಳೀಯ ಜಮೀನುದಾರರು ಮುಂದೆ ನಿಂತರು, ಶೆರಿಫ್ ದಂಡು ಕರೆದ. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಆ ಬೆಳಗಿನದು. ಧರ್ಮವೇ ಗುರಿಯಾಗಿದ್ದರೆ, ಮತಾಂತರವಾಗುತ್ತೇವೆಂದು ಇಳಿದು ಬಂದವರನ್ನು ಮೆರವಣಿಗೆಯಲ್ಲಿ ಚರ್ಚಿಗೆ ಕರೆದೊಯ್ಯಬೇಕಿತ್ತು. ಅದಕ್ಕಿಂತ ದೊಡ್ಡ ಗೆಲುವು ಬೇರೇನಿದೆ? ಆದರೆ ಬದುಕಿ ಉಳಿದ ಯಹೂದಿ, ಕ್ರೈಸ್ತನಾದರೂ ಸರಿ, ಯಾರು ಎಷ್ಟು ಸಾಲ ಪಡೆದಿದ್ದರೆಂದು ಬಾಯಿಬಿಡಬಲ್ಲ ಸಾಕ್ಷಿ. ಪತ್ರ ಸುಡುವ ಮುಂಚೆ ಪತ್ರ ಬಲ್ಲವರು ಇಲ್ಲವಾಗಬೇಕಿತ್ತು.

ಇನ್ನೊಂದು ಅನುಮಾನ ಪಂಡಿತರದು. ಸಾಮೂಹಿಕ ಮರಣದ ವಿವರಗಳನ್ನು ನ್ಯೂಬರ್ಗಿನ ವಿಲಿಯಂ, ಪ್ರಾಚೀನ ಯಹೂದಿ ಚರಿತ್ರೆಕಾರ ಜೋಸೆಫಸ್ ಬರೆದ ಮಸಾಡಾ ಕೋಟೆಯ ಸಾಮೂಹಿಕ ಮರಣದ ಕಥೆಯನ್ನು ಮುಂದಿಟ್ಟುಕೊಂಡು ಹೆಣೆದಿರಬಹುದಲ್ಲ ಎಂಬುದು. ಅವನು ಜೋಸೆಫಸನನ್ನು ಓದಿದ್ದ, ಆ ಹೋಲಿಕೆಯನ್ನು ತಾನೇ ಮಾಡುತ್ತಾನೆ, ರಬ್ಬಿಯ ಬಾಯಲ್ಲಿ ಹಾಕಿದ ದೀರ್ಘ ಭಾಷಣ ಅವನದೇ ರಚನೆ ಎನ್ನುವುದರಲ್ಲಿ ಸಂಶಯವಿಲ್ಲ. ಆದರೆ ಜರ್ಮನಿಯ ಬಾನ್ ಪಟ್ಟಣದಲ್ಲಿ ಕೂತು, ಹೀಬ್ರೂವಿನಲ್ಲಿ, ವಿಲಿಯಂನ ಲ್ಯಾಟಿನ್ ಗ್ರಂಥದ ಹಂಗಿಲ್ಲದೆ ಬರೆದ ಎಫ್ರಾಯಿಮನೂ ರಬ್ಬಿ ಯೋಮ್ ತೋವ್ ತನ್ನವರನ್ನು ಕೈಯಾರೆ ಕೊಂದನೆಂದೇ ದಾಖಲಿಸುತ್ತಾನೆ. ಸತ್ತವರು ಸುಮಾರು 150 ಎಂಬ ಲೆಕ್ಕವೂ ಅವನದೇ. ಅವನೇ ಇನ್ನೊಂದು ಸಂಗತಿ ಹೇಳುತ್ತಾನೆ: ಯಾರ್ಕಿನಲ್ಲಿ ದೋಚಿದ ಚಂದದ ಹೀಬ್ರೂ ಗ್ರಂಥಗಳನ್ನು ಕೊಲೋನ್ ಮುಂತಾದ ಕಡೆಗೆ ಒಯ್ದು ಅಲ್ಲಿನ ಯಹೂದಿಗಳಿಗೆ ಮಾರಿದರು. ಸಾಲಪತ್ರ ಸುಟ್ಟವರು ಗ್ರಂಥಗಳನ್ನು ಸುಡಲಿಲ್ಲ, ಅವಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿತ್ತು. ಏನು ಮಾಡುತ್ತಿದ್ದೇವೆಂದು ಚೆನ್ನಾಗಿ ಬಲ್ಲ ಜನ ಇವರು.

ಸುದ್ದಿ ತಿಳಿದ ರಿಚರ್ಡ್ ಕೋಪಗೊಂಡ. ಅವನ ಪ್ರತಿನಿಧಿಯಾಗಿ ರಾಜ್ಯ ನೋಡಿಕೊಳ್ಳುತ್ತಿದ್ದ ವಿಲಿಯಂ ಲಾಂಗ್‌ಶಾಂ ಮೇ ತಿಂಗಳಲ್ಲಿ ಸೈನ್ಯದೊಂದಿಗೆ ಯಾರ್ಕಿಗೆ ಬಂದ. ಶೆರಿಫನನ್ನೂ ಕೋಟೆಯ ಅಧಿಕಾರಿಯನ್ನೂ ಕಿತ್ತುಹಾಕಿದ, ನಾಗರಿಕರಿಗೆ ಜುಲ್ಮಾನೆ ವಿಧಿಸಿ ಒತ್ತೆಯಾಳುಗಳನ್ನು ಕೊಂಡೊಯ್ದ, ಓಡಿಹೋದ ಮುಂದಾಳುಗಳ ಜಮೀನು ಜಪ್ತಿ ಮಾಡಿದ. ಒಬ್ಬನನ್ನೂ ಗಲ್ಲಿಗೇರಿಸಲಿಲ್ಲ. ಮಾಲೆಬಿಸ್ ದಂಡ ತೆತ್ತು ಜಮೀನು ಹಿಂದಕ್ಕೆ ಪಡೆದ, ಕಾಲಕ್ರಮದಲ್ಲಿ ಜಾನ್ ರಾಜನ ಆಳ್ವಿಕೆಯಲ್ಲಿ ನ್ಯಾಯಾಧಿಕಾರಿಯಾಗಿ ಸೇವೆಗೂ ಸೇರಿದ. ಕೊಲೆಗೆ ಸಿಕ್ಕ ಉತ್ತರ ಇಷ್ಟು. ಪತ್ರದಹನಕ್ಕೆ ಸಿಕ್ಕ ಉತ್ತರ ಬೇರೆಯೇ ತೂಕದ್ದು. 1194ರಲ್ಲಿ ಹೊರಟ ಕಟ್ಟಳೆಯ ಪ್ರಕಾರ ಯಹೂದಿಗಳ ಪ್ರತಿಯೊಂದು ಸಾಲವೂ ಗೊತ್ತುಪಡಿಸಿದ ಆರೇಳು ಊರುಗಳಲ್ಲೇ, ಅಧಿಕಾರಿಗಳ ಎದುರಿನಲ್ಲೇ ಬರೆದಾಗಬೇಕು. ಒಂದೇ ಚರ್ಮದ ಹಾಳೆಯ ಮೇಲೆ ಒಪ್ಪಂದವನ್ನು ಎರಡು ಸಲ ಬರೆದು ನಡುವೆ ಕತ್ತರಿಸಬೇಕು. ಸಾಲಗಾರನ ಮುದ್ರೆಯಿರುವ ಒಂದು ಭಾಗ ಸಾಲ ಕೊಟ್ಟವನ ಕೈಯಲ್ಲಿ, ಇನ್ನೊಂದು ಭಾಗ ಸಾರ್ವಜನಿಕ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಮೂರು ಬೀಗ. ಒಂದರ ಕೀಲಿ ಇಬ್ಬರು ಯಹೂದಿಗಳ ಬಳಿ, ಇನ್ನೊಂದರದು ಇಬ್ಬರು ಕ್ರೈಸ್ತರ ಬಳಿ, ಮೂರನೆಯದು ರಾಜನ ಗುಮಾಸ್ತೆಗಳ ಕಡೆಯವರ ಬಳಿ. ಎಲ್ಲ ವ್ಯವಹಾರದ ನಕಲು ಬೇರೊಂದು ಸುರುಳಿಯಲ್ಲಿ. ಇನ್ನು ಯಾವ ಗುಂಪು ಯಾವ ದೇವಾಲಯಕ್ಕೆ ನುಗ್ಗಿದರೂ ಸಾಲ ಸುಟ್ಟುಹೋಗುವಂತಿಲ್ಲ. ಇದನ್ನೆಲ್ಲ ನೋಡಿಕೊಳ್ಳಲು ಯಹೂದಿಗಳಿಗೆಂದೇ ಒಂದು ಖಜಾನೆ ಇಲಾಖೆ ಬೆಳೆಯಿತು. ಆಡಳಿತದ ದೃಷ್ಟಿಯಿಂದ ಬಹಳ ಜಾಣ ಏರ್ಪಾಡು. ಆದರೆ ಇದರಲ್ಲಿ ಯಹೂದಿಯ ಪ್ರಾಣ ಕಾಯುವ ಒಂದು ಕಲಮೂ ಇಲ್ಲ. ಬದಲಿಗೆ, ಪ್ರತಿಯೊಬ್ಬ ಯಹೂದಿಯ ಆಸ್ತಿ ಎಷ್ಟೆಂದು ರಾಜ ಕೂತಲ್ಲೇ ತಿಳಿಯಬಹುದಾಯಿತು.

ಯಾರ್ಕಿಗೆ ಮರಳಿದ ಯಹೂದಿಗಳ ಎರಡನೆಯ ಸಮುದಾಯ ಬೆಳೆದದ್ದು ಈ ಪೆಟ್ಟಿಗೆಯ ನೆರಳಿನಲ್ಲಿ. ಅದರ ಮುಖ್ಯ ಪುರುಷ ಯಾರ್ಕಿನ ಆರನ್, ಕೋಟೆಯಲ್ಲಿ ಸತ್ತ ಜೋಸನ ಮಗ. ಕೋನಿ ಸ್ಟ್ರೀಟಿನಲ್ಲಿ ಮನೆ ಮಾಡಿ, ಉತ್ತರ ಇಂಗ್ಲೆಂಡಿನ ತುಂಬ ವ್ಯವಹಾರ ಹರಡಿ, 1236ರಿಂದ 1243ರವರೆಗೆ ಇಡೀ ದೇಶದ ಯಹೂದಿಗಳ ಮುಖ್ಯಸ್ಥನ ಸ್ಥಾನದಲ್ಲಿದ್ದವನು. ತಂದೆಯನ್ನು ಕೊಂದ ಊರಿನಲ್ಲಿ ಮಗ ನಿಂತು ಬಾಳಿದ ಎಂಬ ಒಂದೇ ಸಂಗತಿ ಬಹಿಷ್ಕಾರದ ಕಥೆಯನ್ನು ತಳ್ಳಿಹಾಕಲು ಸಾಕು. ಅಂಥ ಬಹಿಷ್ಕಾರಕ್ಕೆ ಆ ಕಾಲದ ಯಾವ ಲಿಖಿತ ಆಧಾರವೂ ಇಲ್ಲ. 1221ರಲ್ಲಿ ಮೂರನೆಯ ಹೆನ್ರಿಯ ತಂಗಿಯ ಮದುವೆಗೆಂದು ಯಹೂದಿಗಳಿಂದ ಹಣ ಎತ್ತಿದಾಗಲೇ ಯಾರ್ಕ್ ಮುಂಚೂಣಿಯಲ್ಲಿತ್ತು. 1241ರಲ್ಲಿ 20,000 ಮಾರ್ಕ್ ತೆರಿಗೆ ಹೇರಿದಾಗ ಅತಿ ದೊಡ್ಡ ಪಾಲು ಬಿದ್ದದ್ದು ಈ ಊರಿನ ಮೇಲೆ, ಅದರಲ್ಲೂ ಆರನ್ ಮತ್ತು ಲಿಯೋ ಎಂಬಿಬ್ಬರ ಮೇಲೆ. ಮಾರ್ಕ್ ಎಂದರೆ ಪೌಂಡಿನ ಮೂರರಲ್ಲೆರಡು. ಸತ್ತ ಯಹೂದಿಯ ಆಸ್ತಿಯಲ್ಲಿ ಮೂರರಲ್ಲೊಂದು ರಾಜನಿಗೆಂಬುದೂ ವಾಡಿಕೆಯಾಗಿತ್ತು. 1250ರ ಹೊತ್ತಿಗೆ ಆರನ್, ಸೇಂಟ್ ಆಲ್ಬನ್ಸ್ ಮಠದ ಚರಿತ್ರೆಕಾರ ಮ್ಯಾಥ್ಯೂ ಪ್ಯಾರಿಸ್‌ನಿಗೆ ತನ್ನ ಸ್ಥಿತಿ ಹೇಳಿಕೊಂಡ: ಏಳು ವರ್ಷಗಳಲ್ಲಿ ರಾಜನಿಗೆ 30,000 ಮಾರ್ಕ್ ಬೆಳ್ಳಿ, ರಾಣಿಗೆ 200 ಮಾರ್ಕ್ ಚಿನ್ನ. ಬಾಯಿಮಾತಿನ ಈ ಅಂಕಿಯಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದ್ದರೂ ಇದ್ದೀತು. ಆದರೆ ಅದು ಸಾಗುವ ದಿಕ್ಕನ್ನು ಖಜಾನೆಯ ಲೆಕ್ಕವೇ ಒಪ್ಪುತ್ತದೆ. 1268ರಲ್ಲಿ ಸಾಯುವಾಗ ಅವನು ದಿವಾಳಿಯಾಗಿದ್ದ. ಸುಟ್ಟ ಮರದ ಗೋಪುರದ ಜಾಗದಲ್ಲಿ ಇಂದಿನ ಕಲ್ಲಿನ ಗೋಪುರವನ್ನು ಹೆನ್ರಿ ಕಟ್ಟಿಸಿದ್ದು ಇದೇ ವರ್ಷಗಳಲ್ಲಿ.

ಸಾಹುಕಾರರು ದಿವಾಳಿಯಾದರೆ ಅದರಲ್ಲಿ ಮರುಗುವುದೇನಿದೆ, ಬಡ್ಡಿಯ ಹಣ ಬಂದಂತೆ ಹೋಯಿತು ಎನ್ನುವವರು ಅಂದೂ ಇದ್ದರು, ಇಂದೂ ಇದ್ದಾರೆ. ವಾಲ್ಟರ್ ಸ್ಕಾಟ್ ತನ್ನ ಐವಾನ್‌ಹೋ ಕಾದಂಬರಿಯಲ್ಲಿ ಸೃಷ್ಟಿಸಿದ ಯಾರ್ಕಿನ ಐಸಾಕ್ ಎಂಬ ಪಾತ್ರದಿಂದಾಗಿ ಹಣದ ಚೀಲ ಅವುಚಿಕೊಂಡ ಮುದುಕನ ಚಿತ್ರವೇ ಓದುಗರ ಮನಸ್ಸಿನಲ್ಲಿ ಕೂತಿದೆ. ಆದರೆ ತೆರಿಗೆಪಟ್ಟಿಗಳಲ್ಲಿ ದೊಡ್ಡ ಮೊತ್ತ ಕಟ್ಟಿದವರು ಬೆರಳೆಣಿಕೆಯ ಮನೆಯವರು. ಉಳಿದವರೆಲ್ಲ ಅವರ ಆಶ್ರಯದ ಗುಮಾಸ್ತರು, ಪಾಠ ಹೇಳುವವರು, ಮನೆಗೆಲಸದವರು, ಕೈಗಡದ ಸಣ್ಣ ವ್ಯವಹಾರದ ವಿಧವೆಯರು. 1982–83ರಲ್ಲಿ ಫಾಸ್ ನದಿಯ ದಡದ ಜ್ಯೂಬರಿ ಎಂಬಲ್ಲಿ, ಸೂಪರ್ ಮಾರ್ಕೆಟ್ಟಿನ ಕಾರುಗಳ ನಿಲ್ದಾಣಕ್ಕಾಗಿ ನೆಲ ಅಗೆಯುವ ಮುಂಚೆ ಪುರಾತತ್ವ ತಜ್ಞರು ಈ ಸಮುದಾಯದ ಸ್ಮಶಾನವನ್ನು ಉತ್ಖನನ ಮಾಡಿದರು. ಲಂಡನ್ನಿನ ಹೊರಗೆ ಯಹೂದಿಗಳು ಸ್ಮಶಾನ ಹೊಂದಲು 1177ರಲ್ಲಿ ರಾಜ ಅನುಮತಿಸಿದ ಮೇಲೆ ಏರ್ಪಟ್ಟ ಜಾಗ ಅದು. ಸುಮಾರು 500 ಅಸ್ಥಿಪಂಜರಗಳು ಸಿಕ್ಕವು. ಒಂದರ ಮೇಲೊಂದು ಹೇರದೆ, ಒಂದಕ್ಕೊಂದು ತಾಗದಂತೆ, ಸಾಲುಸಾಲಾಗಿ ಹೂತ ಗೋರಿಗಳು. ಗಂಡಸರು, ಹೆಂಗಸರು, ಮಕ್ಕಳು, ಆ ಕಾಲದ ಯಾವುದೇ ಪಟ್ಟಣದ ಸಾಮಾನ್ಯ ಜನ. ಮೂಳೆಗಳ ಅಧ್ಯಯನಕ್ಕೆ ಹೆಚ್ಚು ಸಮಯ ಸಿಗಲಿಲ್ಲ. ಯಹೂದಿ ಧರ್ಮಗುರುಗಳ ಆಗ್ರಹದ ಮೇರೆಗೆ 1984ರಲ್ಲಿ ಅವನ್ನು ಹತ್ತಿರದಲ್ಲೇ ಮತ್ತೆ ಮಣ್ಣು ಮಾಡಿದರು. ನನ್ನ ಮಟ್ಟಿಗೆ ಆ ನಿರ್ಧಾರ ಸರಿ.

ಇನ್ನುಳಿದದ್ದು ಅತಿ ಗಂಭೀರವಾದ ಆಕ್ಷೇಪ: ಸ್ವಂತ ಲಾಭಕ್ಕೇ ಆದರೂ ರಾಜ ಅವರನ್ನು ಕಾಪಾಡಿದನಲ್ಲ? 1190ರ ನಂತರ ಯಾರ್ಕಿನಲ್ಲಿ ಅಂಥ ಕೊಲೆ ಮತ್ತೆ ನಡೆಯಲಿಲ್ಲ, ಇದು ನಿಜ. ಆದರೆ ಆ ರಕ್ಷಣೆಯ ಸ್ವರೂಪವನ್ನು ರಾಜನ ಕಾನೂನುಗಳೇ ಬಿಡಿಸಿ ಹೇಳುತ್ತವೆ. ರಾಜನಿಗೆ ಉಪಯೋಗಕ್ಕೆ ಬಾರದ ಯಹೂದಿ ಇಂಗ್ಲೆಂಡಿನಲ್ಲಿ ಇರಕೂಡದೆಂದು 1253ರ ಶಾಸನ ನೇರವಾಗಿ ವಿಧಿಸಿತು. 1255ರಲ್ಲಿ ಹೆನ್ರಿ ದೇಶದ ಎಲ್ಲ ಯಹೂದಿಗಳನ್ನೂ ತನ್ನ ತಮ್ಮ ಕಾರ್ನ್‌ವಾಲಿನ ರಿಚರ್ಡನಿಗೆ 5,000 ಮಾರ್ಕಿಗೆ ಅಡವಿಟ್ಟ. ಅದೇ ವರ್ಷ ಲಿಂಕನ್ನಿನಲ್ಲಿ ಸತ್ತ ಹುಡುಗನೊಬ್ಬನ ಹೆಸರಲ್ಲಿ 19 ಯಹೂದಿಗಳನ್ನು ಗಲ್ಲಿಗೇರಿಸಿದ್ದು ಗುಂಪಲ್ಲ, ರಾಜನ ಆಜ್ಞೆ. ಮತಾಂತರವಾದ ಯಹೂದಿಯ ಆಸ್ತಿಯೆಲ್ಲ ರಾಜನಿಗೆ ಸೇರಬೇಕೆಂಬ ನಿಯಮವಿತ್ತು. ಕ್ರೈಸ್ತನಾದವನು ಲಂಡನ್ನಿನಲ್ಲಿ 1232ರಲ್ಲಿ ತೆರೆದ ಮತಾಂತರಿತರ ಮನೆಯಲ್ಲಿ ಅನ್ನಕ್ಕೆ ಕೈಚಾಚಬೇಕಿತ್ತು. ರಾಜನಿಗೆ ಬೇಕಾಗಿದ್ದದ್ದು ಅವರ ಆತ್ಮವಲ್ಲ, ಅವರ ದುಡಿಮೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹಾಲು ಬತ್ತುವ ತನಕ ಕೊಟ್ಟಿಗೆಯಲ್ಲಿ ಕಟ್ಟಿದ ಹಸುವಿಗೆ ಸಿಗುವ ಕಾವಲು ಅದು.

ಹಾಲು ಬತ್ತಿದ್ದು ಒಂದನೆಯ ಎಡ್ವರ್ಡನ ಕಾಲದಲ್ಲಿ. ಹೆನ್ರಿಯ ತೆರಿಗೆಗಳು ದೊಡ್ಡ ಸಾಹುಕಾರರನ್ನು ಮುಗಿಸಿದ್ದವು. ತಕ್ಷಣ ಹಣ ಬೇಕಾದ ಯಹೂದಿಗಳು ತಮ್ಮ ಕೈಯ ಪತ್ರಗಳನ್ನು ಕಡಿಮೆ ಬೆಲೆಗೆ ಮಾರಿದರು. ಕೊಂಡವರು ಅರಮನೆಯ ಪ್ರಭಾವಿಗಳು, ಮಠಗಳು, ಎಡ್ವರ್ಡನ ರಾಣಿ ಎಲಿನಾರ್ ಕೂಡ. ಅವರು ಆ ಪತ್ರ ತೋರಿಸಿ ಸಣ್ಣ ನೈಟರ ಜಮೀನುಗಳನ್ನು ನುಂಗಿದರು. ಜಮೀನು ಕಳೆದುಕೊಂಡವನ ಸಿಟ್ಟು ಪತ್ರದಲ್ಲಿ ಮೊದಲು ಹೆಸರಿದ್ದವನ ಮೇಲೆಯೇ ತಿರುಗಿತು. 1275ರ ಶಾಸನ ಬಡ್ಡಿಯನ್ನೇ ನಿಷೇಧಿಸಿತು, ಏಳು ವರ್ಷ ದಾಟಿದ ಪ್ರತಿ ಯಹೂದಿಯೂ ಹಳದಿ ಬಟ್ಟೆಯ ಗುರುತು ತೊಡಬೇಕೆಂದಿತು, ವ್ಯಾಪಾರ ಮತ್ತು ಕೈಕಸುಬಿನಿಂದ ಬದುಕಿಕೊಳ್ಳಿ ಎಂದಿತು. ಶತಮಾನದಿಂದ ಬಾಗಿಲು ಹಾಕಿದ್ದ ಕಸುಬುಗಳು ಒಂದು ಶಾಸನದಿಂದ ತೆರೆದುಕೊಳ್ಳುವುದುಂಟೆ? 1278ರಲ್ಲಿ ನಾಣ್ಯದ ಅಂಚು ಕತ್ತರಿಸಿದ ಆರೋಪದ ಮೇಲೆ ದೇಶದಾದ್ಯಂತ ಯಹೂದಿಗಳ ಬಂಧನವಾಗಿ, ಲಂಡನ್ನಿನಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿಗೆ ಗಲ್ಲಾಯಿತು. ಇಷ್ಟಾದ ಮೇಲೆ ಖಜಾನೆಗೆ ಅವರಿಂದ ಬರುವುದು ಏನೂ ಉಳಿದಿರಲಿಲ್ಲ.

1290ರ ಬೇಸಿಗೆಯಲ್ಲಿ ಎಡ್ವರ್ಡನಿಗೆ ದೊಡ್ಡ ತೆರಿಗೆ ಬೇಕಿತ್ತು, ಪಾರ್ಲಿಮೆಂಟಿಗೆ ಬಂದಿದ್ದ ಜಿಲ್ಲೆಗಳ ನೈಟರಿಗೆ ಯಹೂದಿಗಳು ಹೋಗಬೇಕಿತ್ತು. ಜುಲೈ 18ರಂದು ಆಜ್ಞೆ ಹೊರಟಿತು: ನವೆಂಬರ್ 1ರೊಳಗೆ ಎಲ್ಲ ಯಹೂದಿಗಳೂ ದೇಶ ಬಿಡಬೇಕು. ರಾಜನಿಗೆ ಸಿಕ್ಕ ತೆರಿಗೆ ಸುಮಾರು 1,16,000 ಪೌಂಡು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಒಂದೇ ಸಲ ಎತ್ತಿದ ಅತಿ ದೊಡ್ಡ ಮೊತ್ತವೆಂದು ಇತಿಹಾಸಕಾರರು ಗುರುತಿಸುತ್ತಾರೆ. ಹೊರಟವರು ದೇಶದಲ್ಲೆಲ್ಲ ಸೇರಿ ಎರಡು ಮೂರು ಸಾವಿರ ಮಂದಿ ಎಂಬುದು ಇತ್ತೀಚಿನ ಅಂದಾಜು. ಯಾರ್ಕಿನಲ್ಲಿ ಆ ಹೊತ್ತಿಗೆ ಉಳಿದದ್ದು ಕೆಲವೇ ಮನೆಗಳು. ಅವರು ಒಯ್ಯಬಹುದಾದ ಸರಕು ಕಟ್ಟಿಕೊಂಡು, ಕಾನೂನಿನ ಪ್ರಕಾರ, ರಾಜನ ರಹದಾರಿ ಪತ್ರ ಹಿಡಿದು ಹೊರಟರು. ಮನೆಗಳು, ಸಿನಗಾಗ್, ಸ್ಮಶಾನದ ನೆಲ ರಾಜನ ಪಾಲಾಗಿ, ಪಟ್ಟಿಯಾಗಿ, ಮಾರಾಟವಾದವು. ಮೂರು ಬೀಗದ ಪೆಟ್ಟಿಗೆಗಳನ್ನು ತೆರೆದು ಪತ್ರಗಳನ್ನು ವೆಸ್ಟ್‌ಮಿನ್‌ಸ್ಟರಿಗೆ ತರಿಸಿದರು. ಬಡ್ಡಿ ಮನ್ನಾ, ಅಸಲನ್ನು ಮಾತ್ರ ಸಾಲಗಾರರು ರಾಜನಿಗೆ ಕಟ್ಟಬೇಕೆಂದು ನಿರ್ಣಯವಾಯಿತು. 1190ರಲ್ಲಿ ಮಾಲೆಬಿಸ್ ಮತ್ತವನ ಸಂಗಡಿಗರು ಬೆಂಕಿ ಹಚ್ಚಿ ಮಾಡಿದ್ದನ್ನು ಅವರದೇ ವರ್ಗದ ನೈಟರು ನೂರು ವರ್ಷಗಳ ನಂತರ ಸಭೆಯಲ್ಲಿ ಕೂತು, ರಾಜನೊಂದಿಗೆ ಚೌಕಾಶಿ ಮಾಡಿ ಪಡೆದರು. ಈ ಸಲ ಜುಲ್ಮಾನೆ ಕಟ್ಟುವ ಪ್ರಮೇಯ ಬರಲಿಲ್ಲ, ಜಮೀನು ಜಪ್ತಿಯೂ ಆಗಲಿಲ್ಲ. ಯಹೂದಿಗಳು ಇಂಗ್ಲೆಂಡಿನಲ್ಲಿ ಮತ್ತೆ ಬಹಿರಂಗವಾಗಿ ನೆಲೆಸಲು 1656ರವರೆಗೆ ಕಾಯಬೇಕಾಯಿತು.